ಮನೆಯಲ್ಲಿ ಪ್ಲಾಸ್ಟಿಕ್ ಕಡಿಮೆ ಮಾಡಲು ಹೊರಟರೂ ಕಸದ ಚೀಲ ಹಾಗೆಯೇ ತುಂಬುತ್ತಿದೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ ಕೇಳಿದವರು: ಅಂಚಿನಮನೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸಬೇಕೆಂದು ಮೂರು ತಿಂಗಳ ಹಿಂದೆ ನಿಶ್ಚಯಿಸಿದೆ. ಅದಕ್ಕೆ ಕಾರಣವಾದದ್ದು ಒಂದು ಲೆಕ್ಕ. 1950ರಿಂದ 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್ ಎಂದೂ, ಅದರಲ್ಲಿ ಸುಮಾರು 630 ಕೋಟಿ ಟನ್ ಆಗಲೇ ಕಸವಾಗಿತ್ತೆಂದೂ, ಹಾಗೆ ಕಸವಾದದ್ದರಲ್ಲಿ ಮರುಸಂಸ್ಕರಣೆಯಾದದ್ದು ನೂರಕ್ಕೆ 9 ಭಾಗ ಮಾತ್ರವೆಂದೂ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು. ಅದನ್ನು ಓದಿದ ದಿನದಿಂದ, ಇಷ್ಟು ವರ್ಷ ನಾನು ತೊಳೆದು, ಒಣಗಿಸಿ, ಬೇರೆಯಾಗಿ ಇಟ್ಟ ಬಾಟಲಿಗಳೆಲ್ಲ ಎಲ್ಲಿಗೆ ಹೋಗಿರಬಹುದೆಂಬ ಯೋಚನೆ ಹತ್ತಿತು.

ಆಮೇಲೆ ಸ್ಟೀಲಿನ ನೀರಿನ ಬಾಟಲಿಗಳು, ಗಾಜಿನ ಜಾಡಿಗಳು, ಏಳೆಂಟು ಬಟ್ಟೆಯ ಚೀಲಗಳು, ಬಿದಿರಿನ ಹಲ್ಲುಜ್ಜುವ ಬ್ರಷ್ಷುಗಳು, ಹೀಗೆ ಒಂದೊಂದಾಗಿ ಕೊಂಡೆ. ಹಳೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಮೂಟೆ ಕಟ್ಟಿ, ಹೊರಗೆ ಹಾಕಲೆಂದು ಬಾಗಿಲ ಬಳಿ ಇಟ್ಟಿದ್ದೇನೆ. ಆದರೆ ವಾರಕ್ಕೊಮ್ಮೆ ಒಣ ಕಸವನ್ನು ಹೊರಗಿಡುವಾಗ ನೋಡಿದರೆ ಚೀಲ ಮೊದಲಿನಷ್ಟೇ ಉಬ್ಬಿರುತ್ತದೆ. ಹಣ ಖರ್ಚಾಯಿತು, ಅಡುಗೆಮನೆ ಬೇರೆಯಾಗಿ ಕಾಣತೊಡಗಿತು, ಕಸ ಮಾತ್ರ ಬದಲಾಗಲಿಲ್ಲ.

ಮನೆಯಲ್ಲಿ ನಾಲ್ವರಿದ್ದೇವೆ. ಇಬ್ಬರು ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹಾಸಿಗೆ ಹಿಡಿದಿರುವ ಅಮ್ಮನ ಆರೈಕೆಯೂ ಇರುವುದರಿಂದ ಎಲ್ಲವನ್ನೂ ಮನೆಯಲ್ಲೇ ತಯಾರಿಸಿಕೊಳ್ಳುವಷ್ಟು ಬಿಡುವಿಲ್ಲ. ಆದ್ದರಿಂದ ನನ್ನ ಪ್ರಶ್ನೆ ಇಷ್ಟು. ಕಡಿಮೆ ಸಮಯದಲ್ಲಿ ನಿಜವಾಗಿ ವ್ಯತ್ಯಾಸ ಉಂಟುಮಾಡುವ ಕೆಲಸಗಳು ಯಾವುವು? ‘ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್’ ಎಂದು ಮಾರುವ ವಸ್ತುಗಳನ್ನು ನಂಬಬಹುದೇ? ಬೇರ್ಪಡಿಸಿ ಕೊಟ್ಟ ಮೇಲೆ ನನ್ನ ಹೊಣೆ ಮುಗಿಯಿತೆಂದು ತಿಳಿಯಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ತುಂಬೆಹೂ

ಮೊದಲು ಒಂದು ವಿನಂತಿ: ಬಾಗಿಲ ಬಳಿ ಇಟ್ಟಿರುವ ಮೂಟೆಯನ್ನು ದಯವಿಟ್ಟು ಒಳಗೆ ತನ್ನಿ. ಆ ಡಬ್ಬಿಗಳನ್ನು ತಯಾರಿಸಲು ಬಳಸಿದ ಎಣ್ಣೆ, ಶಾಖ, ಶ್ರಮ ಎಲ್ಲವೂ ಆಗಲೇ ಖರ್ಚಾಗಿ ಹೋಗಿವೆ. ಅವನ್ನು ಇನ್ನೂ ಹತ್ತು ವರ್ಷ ಬಳಸಿದರೆ ಹೊಸದಾಗಿ ಏನನ್ನೂ ತಯಾರಿಸಬೇಕಾಗಿಲ್ಲ. ಇಂದು ಎಸೆದರೆ ಇಂದೇ ಕಸವಾಗುತ್ತವೆ. ಬಿಸಿ ಆಹಾರ ಹಾಕಲು ಮನಸ್ಸಿಲ್ಲದಿದ್ದರೆ ಗುಂಡಿ, ಸೂಜಿದಾರ, ಮೊಳೆ, ಬಿತ್ತನೆ ಬೀಜ ಇಂಥವನ್ನು ಹಾಕಿಡಬಹುದು. ಪ್ಲಾಸ್ಟಿಕ್ಕಿನ ಮೇಲೆ ನಮಗಿರುವ ದೊಡ್ಡ ಆಕ್ಷೇಪವೇ ಅದು ಬೇಗ ಹಾಳಾಗುವುದಿಲ್ಲ ಎಂಬುದಾಗಿರುವಾಗ, ಆ ಬಾಳಿಕೆಯನ್ನು ಪೂರ್ತಿಯಾಗಿ ಬಳಸಿಕೊಳ್ಳುವುದು ನ್ಯಾಯವಾದ ದಾರಿ.

ನಿಮ್ಮ ಕಸದ ಚೀಲ ಏಕೆ ಕರಗಲಿಲ್ಲವೆಂಬುದಕ್ಕೆ ಉತ್ತರ ಆ ಚೀಲದಲ್ಲೇ ಇದೆ. ನಾನೂ ನಿಮ್ಮ ಹಾಗೆಯೇ ಕಣ್ಣಿಗೆ ಕಾಣುವ ಪ್ಲಾಸ್ಟಿಕ್ಕನ್ನು, ಅಂದರೆ ಬಕೆಟ್ಟು, ಡಬ್ಬಿ, ಬುಟ್ಟಿಗಳನ್ನು ಬದಲಿಸಲು ಹೊರಟಿದ್ದೆ. ಕೊನೆಗೊಮ್ಮೆ ಎರಡು ವಾರದ ಒಣ ಕಸವನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು, ಒಂದೊಂದನ್ನೂ ಎತ್ತಿ, ಇದರೊಳಗೆ ಏನಿತ್ತು, ಇದು ಮನೆಗೆ ಹೇಗೆ ಬಂತು, ಇದು ಬಳಕೆಯಲ್ಲಿದ್ದದ್ದು ಎಷ್ಟು ಹೊತ್ತು ಎಂದು ಮೂರು ಸಾಲುಗಳಲ್ಲಿ ಬರೆದುಕೊಂಡೆ. ಬಕೆಟ್ಟೂ ಡಬ್ಬಿಯೂ ಆ ರಾಶಿಯಲ್ಲಿ ಇರಲೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಪಾಲು ಬೇರೆ ವಸ್ತುಗಳನ್ನು ಸುತ್ತಿಕೊಂಡು ಬಂದ ಹೊದಿಕೆಗಳು. ಉಳಿದವುಗಳಲ್ಲಿ ಹೆಚ್ಚಿನವು ಒಂದು ಬಾರಿಗೆ ಸಾಕಾಗುವ ಪುಟ್ಟ ಪೊಟ್ಟಣಗಳು. ಬಹುತೇಕ ಎಲ್ಲದರ ಮೂರನೆಯ ಸಾಲಿನಲ್ಲಿಯೂ ನಾನು ಬರೆದದ್ದು ‘ಕೆಲವು ನಿಮಿಷ’ ಎಂದು. ಜಗತ್ತಿನಲ್ಲಿ ತಯಾರಾಗುವ ಪ್ಲಾಸ್ಟಿಕ್ಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೋಗುವುದು ಇಂಥ ಪ್ಯಾಕಿಂಗ್‌ಗೇ ಎಂಬುದನ್ನು ಆಮೇಲೆ ತಿಳಿದಾಗ, ನನ್ನ ಪಟ್ಟಿ ಏಕೆ ಹಾಗಿತ್ತೆಂಬುದು ಅರ್ಥವಾಯಿತು.

ಪಟ್ಟಿ ಕೈಯಲ್ಲಿದ್ದರೆ ಏನು ಮಾಡಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ. ಪಟ್ಟಿಯಲ್ಲಿ ಅತಿ ಹೆಚ್ಚು ಬಾರಿ ಬಂದ ಒಂದೇ ಒಂದು ವಸ್ತುವನ್ನು ಆಯ್ದುಕೊಂಡು, ಅದು ತಪ್ಪಿದ ಮೇಲೆಯೇ ಎರಡನೆಯದಕ್ಕೆ ಹೋಗಿ. ನನ್ನ ಪಟ್ಟಿಯಲ್ಲಿ ಮೊದಲಿದ್ದದ್ದು ಪುಟ್ಟ ಪೊಟ್ಟಣ. ಪೊಟ್ಟಣವೊಂದರ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿಗೊಳಿಸಿದರೆ ಒಳಗೆ ಹಿಡಿಸುವ ಸಾಮಾನು ಎಂಟು ಪಟ್ಟಾಗುತ್ತದೆ, ಹೊದಿಕೆ ಮಾತ್ರ ನಾಲ್ಕೇ ಪಟ್ಟಾಗುತ್ತದೆ. ಹಾಗಾಗಿ ಕೆಡದಂಥ ಸಾಮಾನನ್ನು ದೊಡ್ಡ ಪೊಟ್ಟಣದಲ್ಲಿ ತಂದು ಮನೆಯಲ್ಲಿ ಸಣ್ಣ ಡಬ್ಬಿಗೆ ತುಂಬಿಕೊಂಡರೆ, ಅಂಗಡಿಯನ್ನೂ ಅಭ್ಯಾಸವನ್ನೂ ಬದಲಿಸದೆಯೇ ಹೊದಿಕೆ ಅರ್ಧದಷ್ಟಾಗುತ್ತದೆ. ಕೆಡುವ ಪದಾರ್ಥಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಹೊದಿಕೆ ಉಳಿಸಲು ಹೋಗಿ ಆಹಾರವನ್ನು ಎಸೆಯುವಂತಾದರೆ, ಅದನ್ನು ಬೆಳೆಯಲು ಬೇಕಾದ ನೀರು, ಗೊಬ್ಬರ, ಇಂಧನಗಳ ನಷ್ಟ ಆ ಹೊದಿಕೆಗಿಂತ ಎಷ್ಟೋ ದೊಡ್ಡದು.

ಎರಡನೆಯದಾಗಿ ಬಿಟ್ಟದ್ದು ದ್ರವ ಸಾಬೂನು. ಅದರಲ್ಲಿ ಹೆಚ್ಚಿನ ಪಾಲು ನೀರೇ ಆಗಿರುತ್ತದೆ. ಮನೆಯ ನಲ್ಲಿಯಲ್ಲಿ ಬರುವ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹೊತ್ತು ತರುತ್ತಿದ್ದೆವು. ಗಟ್ಟಿ ಸಾಬೂನಿಗೆ ಒಂದು ಕಾಗದದ ಸುತ್ತು ಸಾಕು.

ಚೀಲದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನೀವು ಏಳೆಂಟು ಚೀಲ ಕೊಂಡಿದ್ದೀರಿ. 2018ರಲ್ಲಿ ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿದ ಲೆಕ್ಕದ ಪ್ರಕಾರ, ಹವಾಮಾನದ ಮೇಲಿನ ಪರಿಣಾಮವನ್ನಷ್ಟೇ ಗಮನಿಸಿದರೂ ಹತ್ತಿಯ ಚೀಲವೊಂದು ಅಂಗಡಿಯ ಸಾಧಾರಣ ಪ್ಲಾಸ್ಟಿಕ್ ಚೀಲಕ್ಕೆ ಸರಿಸಮವಾಗಲು ಅದನ್ನು ಕನಿಷ್ಠ 52 ಬಾರಿ ಬಳಸಬೇಕಾಗುತ್ತದೆ. ಉಳಿದ ಎಲ್ಲ ಬಗೆಯ ಪರಿಣಾಮಗಳನ್ನೂ ಲೆಕ್ಕಕ್ಕೆ ಹಿಡಿದರೆ ಆ ಸಂಖ್ಯೆ 7,100ಕ್ಕೆ ಏರುತ್ತದೆ. ಬೀದಿಗೂ ನೀರಿಗೂ ಸೇರುವ ಚೀಲಗಳಿಂದಾಗುವ ಹಾನಿಯನ್ನು ಆ ಲೆಕ್ಕ ಪರಿಗಣಿಸಿರಲಿಲ್ಲವೆಂಬುದನ್ನೂ ಜೊತೆಗೇ ಹೇಳಬೇಕು. ಹಾಗಾಗಿ ಬಟ್ಟೆಯ ಚೀಲ ತಪ್ಪೆಂದು ನಾನು ಹೇಳುತ್ತಿಲ್ಲ. ಎರಡು ಚೀಲಗಳನ್ನು ಹರಿಯುವ ತನಕ ಬಳಸಿ, ಹರಿದರೆ ಹೊಲಿದು ಬಳಸಿ, ಒಂಬತ್ತನೆಯದನ್ನು ಮಾತ್ರ ಯಾರು ಉಡುಗೊರೆಯಾಗಿ ಕೊಟ್ಟರೂ ತರಬೇಡಿ. ಮನೆಯಲ್ಲಿ ಈಗಾಗಲೇ ಇರುವ ಪ್ಲಾಸ್ಟಿಕ್ ಚೀಲವನ್ನೂ ಮಡಚಿ ಮತ್ತೆ ಮತ್ತೆ ಬಳಸಬಹುದು. ಇಂದು ಎಲ್ಲೆಡೆ ಕಾಣುವ ಹಿಡಿಕೆಯುಳ್ಳ ಪ್ಲಾಸ್ಟಿಕ್ ಚೀಲವನ್ನು 1960ರ ದಶಕದಲ್ಲಿ ರೂಪಿಸಿದ ಸ್ವೀಡನ್ನಿನ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್ ಅವರು ಅಂಥದೊಂದು ಚೀಲವನ್ನು ಮಡಚಿ ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರೆಂದು ಅವರ ಮಗ ಹೇಳಿದ್ದಾರೆ. ಒಮ್ಮೆ ಬಳಸಿ ಬಿಸಾಡುವುದು ಅದನ್ನು ರೂಪಿಸಿದವರ ಉದ್ದೇಶವೂ ಆಗಿರಲಿಲ್ಲ.

ಚೀಲ ಮರೆತುಹೋಗುವುದು ಎಲ್ಲರಿಗೂ ಇರುವ ತೊಂದರೆ. ಸಾಮಾನು ಇಳಿಸಿದ ಕೂಡಲೇ ಖಾಲಿ ಚೀಲವನ್ನು ಒಳಗೆಲ್ಲೂ ಇಡದೆ ಮುಂಬಾಗಿಲ ಚಿಲಕಕ್ಕೇ ನೇತುಹಾಕುವ ಅಭ್ಯಾಸ ಮಾಡಿಕೊಂಡ ಮೇಲೆ ನನಗೆ ಅದು ತಪ್ಪಿತು.

ಉತ್ತರ: ವಿಂಗಡಣೆಕಟ್ಟೆ

ಒಣ ಕಸ ವಿಂಗಡಿಸುವ ಕೇಂದ್ರವೊಂದರಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಬೇರ್ಪಡಿಸಿ ಕೊಟ್ಟ ಮೇಲೆ ಹೊಣೆ ಮುಗಿಯಿತೇ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸಬೇಕು.

ಡಬ್ಬಿ, ಬಾಟಲಿಗಳ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕೆ ಇರುತ್ತದೆ. ಅದನ್ನು ನೋಡಿ ‘ಇದು ಮರುಸಂಸ್ಕರಣೆಯಾಗುತ್ತದೆ’ ಎಂದು ತಿಳಿಯುವವರು ಬಹಳ ಮಂದಿ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವು ಆ ಅಂಕೆಗಳನ್ನು ಜಾರಿಗೆ ತಂದದ್ದು, ವಸ್ತು ಯಾವ ಬಗೆಯ ಪ್ಲಾಸ್ಟಿಕ್ಕಿನದೆಂದು ಗುರುತಿಸಲು ಮಾತ್ರ. 1 ಎಂದರೆ ನೀರಿನ ಬಾಟಲಿಯ ಪೆಟ್, 2 ಎಂದರೆ ಗಟ್ಟಿ ಕ್ಯಾನುಗಳ ಎಚ್‌ಡಿಪಿಇ, 3 ಪಿವಿಸಿ, 4 ತೆಳು ಚೀಲಗಳ ಎಲ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಎಂದರೆ ಉಳಿದದ್ದೆಲ್ಲ. ನಾವು ಒತ್ತಿ ಬೇಲ್ ಕಟ್ಟಿದರೆ ಕೊಳ್ಳುವವರು ಖಚಿತವಾಗಿ ಸಿಗುತ್ತಿದ್ದದ್ದು ಒಂದು ಮತ್ತು ಎರಡನೆಯ ಅಂಕೆಯವಕ್ಕೆ. ಐದನೆಯದಕ್ಕೆ ಕೆಲವೊಮ್ಮೆ ಸಿಗುತ್ತಿದ್ದರು. ಮೂರು, ಆರು, ಏಳನ್ನು ಕೇಳಿಕೊಂಡು ಬಂದವರು ನನಗೆ ನೆನಪಿಲ್ಲ.

ಹೊಳೆಯುವ ಪುಟ್ಟ ಪೊಟ್ಟಣಗಳ ಪಾಡು ಎಲ್ಲಕ್ಕಿಂತ ಕಷ್ಟದ್ದು. ಒಂದೇ ಹಾಳೆಯಂತೆ ಕಂಡರೂ ಅದರಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ಕುಗಳ ಪದರಗಳಿರುತ್ತವೆ, ಎಷ್ಟೋ ವೇಳೆ ನಡುವೆ ಅಲ್ಯೂಮಿನಿಯಮ್ ಕೂಡ ಇರುತ್ತದೆ. ಒಂದಕ್ಕೊಂದು ಅಂಟಿದ ಆ ಪದರಗಳನ್ನು ಬಿಡಿಸುವುದು ಕೈಯಿಂದಾಗದ ಕೆಲಸ, ಯಂತ್ರದಿಂದಲೂ ಲಾಭಕ್ಕೆ ಬಾರದ ಕೆಲಸ. ಕಪ್ಪು ಪ್ಲಾಸ್ಟಿಕ್ ತಟ್ಟೆಗಳದು ಇನ್ನೊಂದು ಕತೆ. ಯಂತ್ರದಿಂದ ವಿಂಗಡಿಸುವ ಕಡೆ ಅವಗೆಂಪು ಕಿರಣವನ್ನು ಹಾಯಿಸಿ, ಹಿಂದಿರುಗಿದ ಬೆಳಕಿನಿಂದ ಪ್ಲಾಸ್ಟಿಕ್ಕಿನ ಬಗೆಯನ್ನು ಗುರುತಿಸುತ್ತಾರೆ. ಕಪ್ಪು ಬಣ್ಣಕ್ಕೆ ಬಳಸುವ ಇಂಗಾಲದ ಪುಡಿ ಆ ಕಿರಣವನ್ನು ಹೀರಿಕೊಳ್ಳುವುದರಿಂದ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಆದ್ದರಿಂದ ತುಂಬೆಹೂ ಅವರು ಪುಟ್ಟ ಪೊಟ್ಟಣದಿಂದ ಆರಂಭಿಸಿದ್ದು ಬಹಳ ಸರಿಯಾಯಿತು. ನೀವು ಅಂಗಡಿಯಲ್ಲೇ ಬಿಟ್ಟು ಬರಬಹುದಾದರೆ ಮೊದಲು ಬಿಡಬೇಕಾದದ್ದು ಇವೆರಡನ್ನು.

ಮರುಸಂಸ್ಕರಣೆಯಾಗುವ ಬಾಟಲಿಯೂ ಸಾಮಾನ್ಯವಾಗಿ ಮತ್ತೆ ಬಾಟಲಿಯಾಗುವುದಿಲ್ಲ. ಕರಗಿಸಿದಾಗಲೆಲ್ಲ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳು ತುಂಡಾಗಿ ಅದರ ಗಟ್ಟಿತನ ಕುಗ್ಗುವುದರಿಂದ, ಪೆಟ್ ಬಾಟಲಿಯ ದೊಡ್ಡ ಪಾಲು ನೂಲಾಗಿ ಬಟ್ಟೆಗೋ ಜಮಖಾನಕ್ಕೋ ಹೋಗುತ್ತದೆ, ಅಲ್ಲಿಂದ ಮುಂದೆ ಹೋಗುವುದು ಕಸಕ್ಕೇ. ಬೇರ್ಪಡಿಸುವುದು ವ್ಯರ್ಥವೆಂದು ಇದರ ಅರ್ಥವಲ್ಲ. ಬೇರ್ಪಡಿಸದೆ ಕೊಟ್ಟ ಕಸದಲ್ಲಿ ಒಳ್ಳೆಯದೂ ಹಾಳಾಗುವುದನ್ನು ನಾನು ದಿನವೂ ನೋಡಿದ್ದೇನೆ. ಎಣ್ಣೆ, ಸಾರು ಮೆತ್ತಿದ ಒಂದು ಡಬ್ಬಿ ಸಾಕು, ಅದರ ಜೊತೆಗಿದ್ದ ಕಾಗದವೆಲ್ಲ ಉಪಯೋಗಕ್ಕೆ ಬಾರದಂತಾಗುತ್ತದೆ. ಪಾತ್ರೆ ತೊಳೆದು ಉಳಿದ ನೀರಿನಲ್ಲಿ ಒಮ್ಮೆ ಜಾಲಾಡಿಸಿ ಒಣಗಿಸಿದರೆ ಸಾಕು, ಅದಕ್ಕಾಗಿ ಹೊಸ ನೀರು ಬೇಡ. ಒಂದು ಡಬ್ಬಿಯೊಳಗೆ ಇನ್ನೊಂದನ್ನು ತುರುಕಬೇಡಿ. ಬೇರೆ ಬೇರೆ ಬಗೆಯವು ಒಂದರೊಳಗೊಂದು ಸಿಕ್ಕಿಕೊಂಡರೆ ಅವಸರದಲ್ಲಿ ವಿಂಗಡಿಸುವವರು ಎರಡನ್ನೂ ಬದಿಗೆ ಎಸೆಯುತ್ತಾರೆ. ಬಾಟಲಿಯ ಮುಚ್ಚಳದ ಬಗ್ಗೆ ಅನೇಕರು ಕೇಳುತ್ತಾರೆ. ಪೆಟ್ ನೀರಿನಲ್ಲಿ ಮುಳುಗುತ್ತದೆ, ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ. ಚೂರು ಮಾಡಿ ತೊಳೆಯುವಾಗ ಅವು ತಾವಾಗಿಯೇ ಬೇರೆಯಾಗುತ್ತವೆ. ಸಡಿಲವಾಗಿ ಬಿದ್ದ ಮುಚ್ಚಳ ಸಣ್ಣದಾದ್ದರಿಂದ ಎಲ್ಲಾದರೂ ಕಳೆದುಹೋಗುತ್ತದೆ, ಬಾಟಲಿಗೇ ತಿರುಗಿಸಿ ಕೊಡುವುದು ಒಳ್ಳೆಯದು. ಮತ್ತೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ: ಎಷ್ಟೇ ಬೇಸರವಾದರೂ ಪ್ಲಾಸ್ಟಿಕ್ಕನ್ನು ಹಿತ್ತಲಿನಲ್ಲಿ ಸುಡಬೇಡಿ. ಪಿವಿಸಿಯಲ್ಲಿ ಕ್ಲೋರಿನ್ ಇರುವುದರಿಂದ ಆ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷಗಳು ಉಂಟಾಗುತ್ತವೆ, ಅದನ್ನು ಮೊದಲು ಉಸಿರಾಡುವವರು ನಮ್ಮ ಮನೆಯವರೇ.

ಇನ್ನು ‘ಕರಗುವ ಪ್ಲಾಸ್ಟಿಕ್’. ಈ ಹೆಸರಿನಲ್ಲಿ ಎರಡು ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು, ಮೆಕ್ಕೆಜೋಳ, ಕಬ್ಬುಗಳ ಸಕ್ಕರೆಯಿಂದ ಮಾಡುವ ಪಿಎಲ್‌ಎ. ಅದು ನಿಜವಾಗಿಯೂ ಗೊಬ್ಬರವಾಗಬಲ್ಲದು, ಆದರೆ ಅದಕ್ಕೆ ದೊಡ್ಡ ಗೊಬ್ಬರ ಘಟಕಗಳಲ್ಲಿ ಮಾತ್ರ ಇರುವ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು. ಮನೆಯ ಗೊಬ್ಬರದ ಗುಂಡಿಯಲ್ಲಿ ಅದು ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ, ನೋಡಲು ಪೆಟ್‌ನಂತೆಯೇ ಇರುವುದರಿಂದ ಒಣ ಕಸಕ್ಕೆ ಸೇರಿದರೆ ಒಳ್ಳೆಯ ಪೆಟ್ ಬೇಲನ್ನೂ ಕೆಡಿಸುತ್ತದೆ. ಇನ್ನೊಂದು, ಸಾಧಾರಣ ಪ್ಲಾಸ್ಟಿಕ್ಕಿಗೆ ರಾಸಾಯನಿಕ ಸೇರಿಸಿ, ಬಿಸಿಲಿಗೆ ಪುಡಿಪುಡಿಯಾಗುವಂತೆ ಮಾಡಿದ್ದು. ಅದು ಕರಗುವುದಿಲ್ಲ, ಹೆಕ್ಕಲಾಗದಷ್ಟು ಚಿಕ್ಕದಾಗುತ್ತದೆ, ಅಷ್ಟೇ. ಐರೋಪ್ಯ ಒಕ್ಕೂಟ ಈ ಬಗೆಯದನ್ನು 2021ರ ಜುಲೈಯಿಂದ ನಿಷೇಧಿಸಿದೆ. ಕಾಗದದ ಲೋಟವನ್ನೂ ಪ್ಲಾಸ್ಟಿಕ್ ಇಲ್ಲದ್ದೆಂದು ತಿಳಿಯಬೇಡಿ, ಅದರ ಒಳಮೈಗೆ ನೀರು ಇಳಿಯದಂತೆ ಸಾಮಾನ್ಯವಾಗಿ ಪಾಲಿಥೀನ್ ಪದರ ಬಳಿದಿರುತ್ತಾರೆ. ಗಾಜಿನ ಜಾಡಿಯನ್ನು ತುಂಬಿಸಿ ತುಂಬಿಸಿ ವರ್ಷಗಟ್ಟಲೆ ಬಳಸುವುದಾದರೆ ಅದಕ್ಕೆ ಸಾಟಿಯಿಲ್ಲ. ಒಮ್ಮೆ ಬಳಸಿ ಎಸೆಯುವುದಾದರೆ, ಅದನ್ನು ಕಾಯಿಸಿ ಮಾಡಲೂ ಅದರ ಭಾರವನ್ನು ಸಾಗಿಸಲೂ ಆದ ಇಂಧನವೆಲ್ಲ ದಂಡ.

ಉತ್ತರ: ನೂಲೆಳೆ

ಯಾರೂ ಹೇಳದ ಒಂದು ಪ್ಲಾಸ್ಟಿಕ್ ನಮ್ಮ ಮೈಮೇಲೆಯೇ ಇದೆ. ಪಾಲಿಯೆಸ್ಟರ್ ಬಟ್ಟೆಯೂ ನೀರಿನ ಬಾಟಲಿಯ ಪೆಟ್ಟೂ ರಾಸಾಯನಿಕವಾಗಿ ಒಂದೇ ವಸ್ತು. ನೈಲಾನ್, ಅಕ್ರಿಲಿಕ್‌ಗಳೂ ಪ್ಲಾಸ್ಟಿಕ್ಕಿನ ನೂಲುಗಳೇ. ಒಗೆಯುವಾಗ ಇವುಗಳಿಂದ ಕಣ್ಣಿಗೆ ಕಾಣದ ಎಳೆಗಳು ಉದುರಿ ನೀರಿನೊಂದಿಗೆ ಹೋಗುತ್ತವೆ. ನೇರವಾಗಿ ಸಣ್ಣ ಕಣಗಳ ರೂಪದಲ್ಲೇ ಸಮುದ್ರ ಸೇರುವ ಪ್ಲಾಸ್ಟಿಕ್ಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೆ ಬಟ್ಟೆ ಒಗೆಯುವುದರಿಂದ ಬರುತ್ತದೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2017ರ ವರದಿಯಲ್ಲಿ ಅಂದಾಜು ಮಾಡಿದೆ.

ಇದಕ್ಕಾಗಿ ಇರುವ ಬಟ್ಟೆಗಳನ್ನು ಎಸೆಯಬೇಕಾಗಿಲ್ಲ. ಎಳೆ ಹೆಚ್ಚಾಗಿ ಉದುರುವುದು ಬಟ್ಟೆ ಹೊಸದಾಗಿರುವಾಗಿನ ಮೊದಲ ಕೆಲವು ಒಗೆತಗಳಲ್ಲಿ, ಆದ್ದರಿಂದ ಹಳೆಯ ಬಟ್ಟೆಯನ್ನೇ ಮುಂದುವರಿಸುವುದು ಲೇಸು. ತಣ್ಣೀರಿನಲ್ಲಿ, ಯಂತ್ರವನ್ನು ತಕ್ಕಮಟ್ಟಿಗೆ ತುಂಬಿಸಿ, ಕಡಿಮೆ ಹೊತ್ತಿನ ಸುತ್ತಿನಲ್ಲಿ ಒಗೆಯಿರಿ. ಕೊಳೆಯಾಗದ ಬಟ್ಟೆಯನ್ನು ಗಾಳಿಗೆ ಹರವಿ ಮತ್ತೆ ತೊಡಿರಿ. ಮುಂದೆ ಕೊಳ್ಳುವಾಗ ಒಳಗೆ ಹೊಲಿದಿರುವ ಪಟ್ಟಿಯನ್ನು ಓದುವ ಅಭ್ಯಾಸವಿರಲಿ.

ಬಿದಿರಿನ ಬ್ರಷ್ಷಿನ ಬಗ್ಗೆಯೂ ಒಂದು ಮಾತು. ಹಿಡಿ ಬಿದಿರಿನದಾದರೂ ಕೂದಲು ಸಾಮಾನ್ಯವಾಗಿ ನೈಲಾನಿನದೇ. 1938ರಲ್ಲಿ ನೈಲಾನ್ ಕೂದಲಿನ ಬ್ರಷ್ ಮಾರುಕಟ್ಟೆಗೆ ಬಂದಂದಿನಿಂದ ಅದಕ್ಕೆ ಸರಿಯಾದ ಬದಲಿ ಸಿಕ್ಕಿಲ್ಲ. ಇಕ್ಕಳದಿಂದ ಕೂದಲನ್ನು ಕಿತ್ತು ಒಣ ಕಸಕ್ಕೆ ಹಾಕಿ, ಹಿಡಿಯನ್ನು ಮಾತ್ರ ಮಣ್ಣಿಗೆ ಹಾಕಬೇಕು. ಬಿಸಿ ಆಹಾರವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕುವುದನ್ನೂ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮೈಕ್ರೋವೇವಿನಲ್ಲಿ ಬಿಸಿ ಮಾಡುವುದನ್ನೂ ಇಂದೇ ನಿಲ್ಲಿಸಬಹುದು, ಏಕೆಂದರೆ ಶಾಖ ಹೆಚ್ಚಿದಷ್ಟೂ ಪ್ಲಾಸ್ಟಿಕ್ಕಿನಿಂದ ಕಣಗಳೂ ರಾಸಾಯನಿಕಗಳೂ ಹೆಚ್ಚು ಬಿಡುಗಡೆಯಾಗುತ್ತವೆ.

ಮರುಪ್ರಶ್ನೆ: ಅಂಚಿನಮನೆ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಮೂಟೆಯನ್ನು ಇಂದೇ ಬಿಚ್ಚಿದೆ. ತುಂಬೆಹೂ ಅವರು ಹೇಳಿದಂತೆ ಒಂದು ವಾರದ ಕಸವನ್ನು ಹರವಿ ನೋಡಿದಾಗ ನಾನು ಎಣಿಸಿರದ ಸಂಗತಿಯೊಂದು ಕಂಡಿತು. ಪುಟ್ಟ ಪೊಟ್ಟಣಗಳ ನಂತರ ಅತಿ ಹೆಚ್ಚಾಗಿದ್ದದ್ದು ಅಮ್ಮನ ಆರೈಕೆಗೆ ಸಂಬಂಧಿಸಿದವು: ಒದ್ದೆ ಒರೆಸುಬಟ್ಟೆಗಳು, ಡಯಾಪರ್‌ಗಳ ಹೊದಿಕೆ, ಮಾತ್ರೆಯ ಪಟ್ಟಿಗಳು, ಕುಡಿಯುವ ಕೊಳವೆಗಳು. ಡಯಾಪರ್‌ಗಳನ್ನು ಬೇರೆಯಾಗಿಯೇ ಕೊಡುತ್ತೇವೆ. ಅದನ್ನೆಲ್ಲ ಪಟ್ಟಿಯಲ್ಲಿ ಬರೆಯುವಾಗ ಅಮ್ಮನ ಅಗತ್ಯವನ್ನೇ ತಪ್ಪೆಂದು ಬರೆಯುತ್ತಿರುವಂತೆ ಅನ್ನಿಸಿ ಮನಸ್ಸಿಗೆ ಬಹಳ ಕಷ್ಟವಾಯಿತು. ಈ ಬಗ್ಗೆ ತಿಳಿದವರು ಏನಾದರೂ ಹೇಳುವಿರಾ?

ಉತ್ತರ: ಹಗಲುಪಾಳಿ

ನಾನು ದೀರ್ಘಕಾಲದ ರೋಗಿಗಳ ಶುಶ್ರೂಷೆ ಮಾಡುವವಳು. ಆ ಭಾಗವನ್ನು ದಯವಿಟ್ಟು ಪಟ್ಟಿಯಿಂದ ಹೊಡೆದುಹಾಕಿ, ಮನಸ್ಸಿನಿಂದಲೂ ತೆಗೆದುಹಾಕಿ. ಒಮ್ಮೆ ಬಳಸಿ ಬಿಸಾಡುವ ಸಿರಿಂಜು, ಕ್ಯಾಥೆಟರ್, ಗ್ಲುಕೋಸ್ ಚೀಲ, ಕೈಗವಸು ಇವೆಲ್ಲ ಸೋಂಕನ್ನು ತಡೆದು ಎಷ್ಟೋ ಜೀವಗಳನ್ನು ಉಳಿಸಿವೆ. ಬಗ್ಗಿಸಬಹುದಾದ ಪ್ಲಾಸ್ಟಿಕ್ ಕೊಳವೆ ಮಲಗಿಯೇ ಕುಡಿಯಬೇಕಾದವರಿಗೆ ಅನುಕೂಲಕ್ಕಿಂತ ಮಿಗಿಲಾದದ್ದು. ಕೈ ನಡುಗುವವರಿಗೆ ಲೋಹದ ಕೊಳವೆ ಕೊಟ್ಟು ಬಾಯಿಗೆ ಗಾಯವಾದದ್ದನ್ನು ಕಂಡಿದ್ದೇನೆ, ಕಾಗದದ್ದು ಎರಡು ಗುಟುಕಿಗೆ ಮೆತ್ತಗಾಗುತ್ತದೆ.

ಆರೈಕೆಗೆ ತೊಂದರೆಯಾಗದಂತೆ ತಗ್ಗಿಸಬಹುದಾದದ್ದು ಒಂದೆರಡು ಮಾತ್ರ. ಒದ್ದೆ ಒರೆಸುಬಟ್ಟೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಮಿಶ್ರಿತ. ಮುಖ, ಕೈ, ಬೆನ್ನು ಒರೆಸಲು ಹಳೆಯ ಹತ್ತಿಯ ಬಟ್ಟೆಯನ್ನು ಅಂಗೈಯಗಲ ಕತ್ತರಿಸಿ, ಬೆಚ್ಚಗಿನ ನೀರಿನಲ್ಲಿ ಅದ್ದಿ ಬಳಸಿ, ಕುದಿಸಿ ಒಣಗಿಸಿದರೆ ಚರ್ಮಕ್ಕೂ ಹಿತ. ಮಲ ಮೂತ್ರದ ಶುದ್ಧಿಗೆ ಬೇಕಿದ್ದರೆ ಕೊಂಡ ಒರೆಸುಬಟ್ಟೆಯನ್ನೇ ಮುಂದುವರಿಸಿ, ಆದರೆ ಶೌಚದ ಗುಂಡಿಗೆ ಹಾಕಿ ನೀರು ಬಿಡಬೇಡಿ. ಅದು ಕಾಗದದಂತೆ ಬಿಡಿಸಿಕೊಳ್ಳುವುದಿಲ್ಲ, ಕೊಳವೆ ಕಟ್ಟುತ್ತದೆ. ಹಾಸಿಗೆಯ ಮೇಲೆ ಹಾಸುವ ಪ್ಯಾಡಿನ ಬದಲು ಒಗೆಯಬಹುದಾದ ದಪ್ಪ ಹಾಸುಬಟ್ಟೆಯನ್ನು ಹಗಲಿನಲ್ಲಿ ಬಳಸಿ ನೋಡಬಹುದು. ಚರ್ಮದಲ್ಲಿ ಹುಣ್ಣಾಗುವ ಲಕ್ಷಣ ಕಂಡರೆ ವೈದ್ಯರನ್ನು ಕೇಳದೆ ಯಾವುದನ್ನೂ ಬದಲಿಸಬೇಡಿ. ಮಾತ್ರೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಪಿವಿಸಿಗೆ ಅಲ್ಯೂಮಿನಿಯಮ್ ಅಂಟಿಸಿರುತ್ತಾರೆ. ತೇವ ತಾಗಿ ಔಷಧ ಕೆಡದಿರಲು ಅದು ಬೇಕೇ ಬೇಕು, ಮಾತ್ರೆಗಳನ್ನು ಮೊದಲೇ ಬಿಡಿಸಿ ಡಬ್ಬಿಗೆ ಹಾಕಿಡುವ ಯೋಚನೆ ಬೇಡ.

ಉತ್ತರ: ನಡುಮನೆ

ಇಲ್ಲಿಯವರೆಗಿನ ಉತ್ತರಗಳೆಲ್ಲ ಒಪ್ಪಿಗೆಯಾದವು, ಆದರೂ ಮನೆಯೊಳಗಿನ ಪ್ರಯತ್ನಕ್ಕಿರುವ ಮಿತಿಯನ್ನು ಹೇಳದಿದ್ದರೆ ಪ್ರಶ್ನೆ ಕೇಳಿದವರಿಗೆ ಅನ್ಯಾಯವಾಗುತ್ತದೆಂದು ನನಗನ್ನಿಸುತ್ತದೆ. 1950ರಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಇದ್ದ ಪ್ಲಾಸ್ಟಿಕ್ ಉತ್ಪಾದನೆ 2019ರ ವೇಳೆಗೆ ಸುಮಾರು 46 ಕೋಟಿ ಟನ್ ಮುಟ್ಟಿತ್ತು. ಹೊದಿಕೆಯಿಲ್ಲದೆ ಸಾಮಾನು ಸಿಗುವ ದಾರಿಯೇ ಇಲ್ಲದಿದ್ದರೆ ಕೊಳ್ಳುವವರು ಎಷ್ಟು ಎಚ್ಚರವಾಗಿದ್ದರೂ ಮಾಡಬಲ್ಲದ್ದು ಸ್ವಲ್ಪವೇ. ಇದನ್ನು ತಡೆಯಲು ಒಂದು ಅಂತರರಾಷ್ಟ್ರೀಯ ಒಪ್ಪಂದ ಬೇಕೆಂದು 2022ರ ಮಾರ್ಚಿನಲ್ಲಿ ನೈರೋಬಿಯಲ್ಲಿ ಸೇರಿದ ವಿಶ್ವಸಂಸ್ಥೆಯ ಪರಿಸರ ಸಭೆ ನಿರ್ಣಯಿಸಿತು. ಆದರೆ 2024ರ ಕೊನೆಯಲ್ಲಿ ಬುಸಾನಿನಲ್ಲಿಯೂ, 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿಯೂ ನಡೆದ ಮಾತುಕತೆಗಳು, ಮುಖ್ಯವಾಗಿ ಉತ್ಪಾದನೆಗೇ ಮಿತಿ ಹಾಕಬೇಕೇ ಬೇಡವೇ ಎಂಬಲ್ಲಿ ಒಮ್ಮತ ಮೂಡದೆ, ಒಪ್ಪಂದವಿಲ್ಲದೆ ಮುಗಿದವು.

ಹಾಗೆಂದು ಕೈಕಟ್ಟಿ ಕೂರಬೇಕೆಂದು ನಾನು ಹೇಳುವುದಿಲ್ಲ. ಮನೆಗೂ ಸರ್ಕಾರಕ್ಕೂ ನಡುವೆ ಒಂದು ದೊಡ್ಡ ಜಾಗವಿದೆ, ನಾವು ಅದನ್ನು ಹೆಚ್ಚಾಗಿ ಗಮನಿಸುವುದಿಲ್ಲ. ನಮ್ಮ ಕಚೇರಿಯ ಸಭೆಗಳಲ್ಲಿ ಪ್ರತಿಯೊಬ್ಬರ ಮುಂದೆಯೂ ಒಂದು ಸಣ್ಣ ನೀರಿನ ಬಾಟಲಿ ಇಡುವ ಪದ್ಧತಿಯಿತ್ತು. ಹೂಜಿ ಮತ್ತು ಲೋಟಗಳನ್ನು ಇಡೋಣವೆಂದು ನಾನು ಬರೆದುಕೊಟ್ಟ ಅರ್ಧ ಪುಟದ ಪತ್ರವನ್ನು ಹಿರಿಯರು ಯಾವ ತಕರಾರೂ ಇಲ್ಲದೆ ಒಪ್ಪಿದರು. ನನ್ನ ಮನೆಯಲ್ಲಿ ನಾನು ವರ್ಷಗಟ್ಟಲೆ ಉಳಿಸಿದ ಬಾಟಲಿಗಳಿಗಿಂತ ಹೆಚ್ಚು ಅಲ್ಲಿ ಒಂದು ತಿಂಗಳಲ್ಲಿ ಉಳಿದವು. ನಾವಿರುವ ವಸತಿ ಸಮುಚ್ಚಯದವರು ಸೇರಿ ನೂರು ಸ್ಟೀಲ್ ತಟ್ಟೆ, ಲೋಟಗಳನ್ನು ಕೊಂಡು, ಯಾರ ಮನೆಯಲ್ಲಿ ಸಮಾರಂಭವಾದರೂ ಎರವಲು ಕೊಡುವ ಏರ್ಪಾಡು ಮಾಡಿಕೊಂಡೆವು. ತೊಳೆಯುವವರು ಯಾರೆಂಬ ಚರ್ಚೆಯೇ ಕೊಳ್ಳುವ ಚರ್ಚೆಗಿಂತ ದೀರ್ಘವಾಯಿತು ಎಂಬುದನ್ನೂ ಹೇಳಬೇಕು. ತೊಳೆಯುವವರಿಗೆ ಕೊಡುವ ಕೂಲಿಯನ್ನು ಎರವಲಿನ ಶುಲ್ಕದಲ್ಲೇ ಸೇರಿಸಿದ ಮೇಲೆ ಅದು ಬಗೆಹರಿಯಿತು.

ಅಂಗಡಿಯಲ್ಲಿ ಹೇಳಬೇಕಾದ ಮಾತನ್ನು ಅವರು ಚೀಲಕ್ಕೆ ಕೈಹಾಕುವ ಮೊದಲೇ ಹೇಳಿ. ಒಮ್ಮೆ ತುಂಬಿಸಿದ ಮೇಲೆ ‘ಚೀಲ ಬೇಡ’ ಎಂದರೆ ಆ ಚೀಲ ಹೆಚ್ಚಿನ ಕಡೆ ಕಸಕ್ಕೇ ಹೋಗುತ್ತದೆ. ನೀವು ಪದೇ ಪದೇ ಕೊಳ್ಳುವ ವಸ್ತುವಿನ ತಯಾರಕರಿಗೆ, ಮರುತುಂಬಿಸುವ ವ್ಯವಸ್ಥೆ ಮಾಡಿರೆಂದು ಒಂದು ಪತ್ರ ಬರೆಯಿರಿ. ಉತ್ತರ ಬಾರದಿರಬಹುದು, ಆದರೂ ಬರೆಯಿರಿ.

ಕೊನೆಯ ಟಿಪ್ಪಣಿ: ಅಂಚಿನಮನೆ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ವಾರಕ್ಕೊಂದು ಒಣ ಕಸದ ಚೀಲ ಹೋಗುತ್ತಿದ್ದದ್ದು ಈಗ ಸುಮಾರು ಹತ್ತು ದಿನಕ್ಕೊಂದಾಗಿದೆ. ಇದರಲ್ಲಿ ಹೆಚ್ಚಿನ ಪಾಲು ಪುಟ್ಟ ಪೊಟ್ಟಣಗಳನ್ನು ಬಿಟ್ಟದ್ದರಿಂದ ಆದದ್ದು. ನಾನು ಕೊಂಡ ಹೊಸ ವಸ್ತುಗಳಿಂದ ಆದದ್ದು ಬಹಳ ಕಡಿಮೆ. ಗಟ್ಟಿ ಸಾಬೂನಿಗೆ ಮನೆಯವರೆಲ್ಲ ಎರಡು ದಿನದಲ್ಲಿ ಹೊಂದಿಕೊಂಡರು. ಪಾತ್ರೆ ತೊಳೆಯುವುದಕ್ಕೆ ಮಾತ್ರ ದ್ರವವೇ ಬೇಕೆಂದು ಮಗಳು ಹಟ ಹಿಡಿದಿದ್ದರಿಂದ ಅದನ್ನು ಐದು ಲೀಟರಿನ ಕ್ಯಾನಿನಲ್ಲಿ ತಂದು ಹಳೆಯ ಬಾಟಲಿಗೆ ತುಂಬಿಸಿಕೊಳ್ಳುತ್ತಿದ್ದೇವೆ.

ಅಮ್ಮನ ಹಳೆಯ ಹತ್ತಿ ಸೀರೆಯೊಂದನ್ನು ಕತ್ತರಿಸಿ ಒರೆಸುಬಟ್ಟೆ ಮಾಡಿದೆವು. ಆ ಬಟ್ಟೆ ಮೈಗೆ ತಾಗಿದಾಗ ಅದು ಯಾವ ಸೀರೆಯೆಂದು ಅವರು ಗುರುತಿಸಿ ಹೇಳಿದರು. ಕುಡಿಯುವ ಕೊಳವೆಗಳು ಮೊದಲಿನಂತೆಯೇ ಬರುತ್ತಿವೆ.

ಇನ್ನೂ ಕೈಗೂಡದಿರುವುದು ಮನೆಗೆ ತಲುಪಿಸುವ ಸಾಮಾನಿನ ಹೊದಿಕೆ. ಬೇಡವೆಂದು ಪ್ರತಿ ಸಲ ಬರೆದರೂ ಗುಳ್ಳೆ ಹಾಳೆಯಲ್ಲಿ ಸುತ್ತಿಯೇ ಕಳುಹಿಸುತ್ತಾರೆ. ಸದ್ಯಕ್ಕೆ ಆ ಹಾಳೆಗಳನ್ನು ಮಡಚಿಟ್ಟು, ಪಾರ್ಸೆಲ್ ಕಳುಹಿಸುವ ನೆರೆಯವರಿಗೆ ಕೊಡುತ್ತಿದ್ದೇನೆ, ತಯಾರಕರಿಗೆ ಎರಡು ಪತ್ರಗಳನ್ನು ಬರೆದಿದ್ದೇನೆ. ಮೂಟೆಯಿಂದ ಹೊರಬಂದ ಡಬ್ಬಿಗಳಲ್ಲಿ ಹನ್ನೊಂದು ಈಗ ಬಳಕೆಯಲ್ಲಿವೆ.